ನಾಲ್ಕೂರಿಗೆ ಒಂದೇ ಪಾಸ್‌ವರ್ಡ್

ಡಯಲ್-ಅಪ್ ಕಾಲದ ಮಾತು. ಥಾಣೆ, ನವಿ ಮುಂಬೈಗೆ 022. ಡೊಂಬಿವಲಿ, ಕಲ್ಯಾಣ್‌ಗೆ 0251. ಹಾಗಾಗಿ ಎರಡೂ ಕಡೆ ಮೋಡೆಮ್ ರ್‍ಯಾಕ್ ಬೇಕಿತ್ತು.

ನಾನಿದ್ದ ಪುಟ್ಟ ಕಂಪನಿಯಲ್ಲಿ ಪ್ರತಿ ಸರ್ವರಿಗೂ ಬೇರೆ ಪಾಸ್‌ವರ್ಡ್ ಫೈಲ್, ರಾತ್ರಿ ಕಾಪಿ. ಬೆಳಿಗ್ಗೆ ಪಾಸ್‌ವರ್ಡ್ ಬದಲಿಸಿದವರಿಗೆ ಹೊಸದರಲ್ಲಿ ಮೇಲ್ ತೆರೀತಿತ್ತು, ಡಯಲ್ ಆಗ್ತಿರಲಿಲ್ಲ. ಕಾಪಿ ಫೇಲಾದ ದಿನ ಇನ್ನೂ ಕೆಟ್ಟದು: ಥಾಣೆಯಲ್ಲಿ ಮುಚ್ಚಿದ ಖಾತೆ ಕಲ್ಯಾಣ್‌ನಲ್ಲಿ ಜೀವಂತ!

ಪರಿಹಾರ ರೇಡಿಯಸ್, 1997ರ ಆರ್‌ಎಫ್‌ಸಿ 2058. ಡಯಲ್-ಇನ್ ಪೆಟ್ಟಿಗೆ ತಾನೇ ತೀರ್ಮಾನಿಸಲ್ಲ. ಯೂಸರ್‌ನೇಮ್, ಮರೆಮಾಡಿದ ಪಾಸ್‌ವರ್ಡ್ ಕೇಂದ್ರ ಸರ್ವರಿಗೆ ಕಳಿಸಿ "ಒಳಗೆ ಬಿಡಲಾ?" ಅಂತ ಕೇಳುತ್ತೆ. ಮೇಲ್ ಸರ್ವರೂ ಪ್ಯಾಮ್ ಮೂಲಕ ಅಲ್ಲೇ ಕೇಳಬಹುದು.

ಆದ್ರೆ ಥಾಣೆ ಲಿಂಕ್ ಬಿದ್ದ ದಿನ ಡೊಂಬಿವಲಿ ಪೂರ್ತಿ ಹೊರಗೆ. ಆಮೇಲೆ ಕಲ್ಯಾಣ್‌ನಲ್ಲಿ ಎರಡನೇ ರೇಡಿಯಸ್ ಇಟ್ವಿ. ಇವತ್ತು ನಿಮ್ಮ ಆಫೀಸ್ ವೈ-ಫೈನ 'ಎಂಟರ್‌ಪ್ರೈಸ್' ಲಾಗಿನ್ ಹಿಂದೆ ಇರೋದೂ ಸಾಮಾನ್ಯವಾಗಿ ಇದೇ.