ಕಬ್ಬಿಣದ ನೇಗಿಲು, ಕಿರ್ಲೋಸ್ಕರರು ಮತ್ತು ನಮ್ಮೂರ ಕಂಬಾರ

ದೊಡ್ಡ ಕಾರಖಾನೆಗಳ ಧಣಿಗಳ ಸುದ್ದಿ ಒಕ್ಕಲುತನದ ಪುಟದಲ್ಲಿ ಏಕೆಂದು ಕೆಲವರು ಕೇಳಬಹುದು. ಕಾರಣವಿದೆ. ನಮ್ಮ ಸೀಮೆಯ ಬಹು ದೊಡ್ಡದೊಂದು ಯಂತ್ರೋದ್ಯಮವು ಮೊದಲು ಬೇರೂರಿದ್ದು ಒಕ್ಕಲಿಗನ ಹೊಲದಲ್ಲಿ. ಜತ್ತದ ಕಡೆಯ ನಮಗೆ ಆ ಊರು ದೂರವೂ ಅಲ್ಲ. ಮಿರಜದಲ್ಲಿ ಪುಣೆಯ ಗಾಡಿ ಹತ್ತಿದರೆ ದಾರಿಯಲ್ಲಿಯೇ ಕಿರ್ಲೋಸ್ಕರವಾಡಿ ನಿಲ್ದಾಣ ಬರುವದು.

ಕಳೆದ ಬೇಸಿಗೆಯಲ್ಲಿ ನಾವು ಹಳೆಯ ದನದ ಕೊಟ್ಟಿಗೆಯನ್ನು ಕೆಡವಿಸಿದೆವು. ಮೂಲೆಯ ಕಣಿಕೆಯ ಕೆಳಗೆ ಅಜ್ಜನ ಕಾಲದ ಕಬ್ಬಿಣದ ನೇಗಿಲು ಸಿಕ್ಕಿತು. ಕುಳ ಮುರಿದು ಹೋಗಿದೆ, ಹಿಡಿಕೆಗೆ ತುಕ್ಕು ಹತ್ತಿದೆ. ಗುಜರಿಯವನು ತಕ್ಕಡಿ ಹಿಡಿದು ನಿಂತಿದ್ದ. ಕೊಡಲು ಮನಸ್ಸಾಗಲಿಲ್ಲ. ಅದರ ಕಥೆಯನ್ನು ಸಾಲೆಯ ಹುಡುಗರಿಗೆ ಹೇಳಹೋದಾಗ, ನಮಗೇ ಅರ್ಧ ಮಾತ್ರ ಗೊತ್ತಿದ್ದುದು ತಿಳಿಯಿತು.

ಲಕ್ಷ್ಮಣರಾವ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರು. ಅಲ್ಲಿ ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುವದಿಲ್ಲವೆಂದು ಗೊತ್ತಾಯಿತು. ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ತೆಗೆಯುವದನ್ನು ಕಲಿತರು, ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ಅಂದರೆ ಅವರೂ ನಮ್ಮಂತೆ ಮಾಸ್ತರರೇ. ತಮಗೆ ಬರಬೇಕಾದ ಬಡತಿ ಇನ್ನೊಬ್ಬನಿಗೆ ಹೋದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದರು. (ಬಡತಿ ತಪ್ಪಿದ ಮಾಸ್ತರರೆಲ್ಲ ಕಾರಖಾನೆ ತೆಗೆಯುವದಿಲ್ಲ. ನಾವು ನಾಲ್ಕೆಕರೆಯಲ್ಲಿ ಕಡಲೆ ಬಿತ್ತಿದೆವು.) ಬೆಳಗಾವಿಯಲ್ಲಿ ಅಣ್ಣ ರಾಮಚಂದ್ರರಾಯರೊಡನೆ ಸಾಯಕಲ್ ಅಂಗಡಿ ನಡೆಸುತ್ತ, ಸಣ್ಣದೊಂದು ಕಾರಖಾನೆ ಹೂಡಿ ಮೇವು ಕತ್ತರಿಸುವ ಯಂತ್ರ ಮಾಡಿದರು, ಮುಂದೆ ಕಬ್ಬಿಣದ ನೇಗಿಲು ಮಾಡಿದರು.

ಮೇವಿನ ಯಂತ್ರದ ಗುಣ ಒಕ್ಕಲಿಗನಿಗೆ ಕಣ್ಣಿಗೆ ಕಾಣುವಂಥದು. ಇಡೀ ಕಣಿಕೆ ಹಾಕಿದರೆ ಎತ್ತು ಎಲೆ ತಿಂದು ದಂಟು ತುಳಿಯುವದು, ತುಂಡು ಮಾಡಿ ಹಾಕಿದರೆ ಗೋದಲಿ ಬರಿದಾಗುವದು. ಬರಗಾಲದ ಸೀಮೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ನೇಗಿಲಿನ ಮಾತು ಹಾಗಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವದೆಂದು ಜನ ನಂಬಿದ್ದರು. ಮೊದಲ ನೇಗಿಲುಗಳು ಮಾರಾಟವಾಗದೆ ಬಹಳ ದಿನ ಹಾಗೆಯೇ ಬಿದ್ದಿದ್ದವು.

ಈ ಮಾತನ್ನು ಎಲ್ಲರೂ ಒಕ್ಕಲಿಗನ ಮೂಢತನದ ಉದಾಹರಣೆಯಾಗಿ ಹೇಳುತ್ತಾರೆ. ನಮಗೆ ಅದು ಪೂರ್ಣ ಒಪ್ಪಿಗೆಯಿಲ್ಲ. ಮರದ ನೇಗಿಲು ಮಣ್ಣನ್ನು ಸೀಳುವದೇ ಹೊರತು ಮಗುಚುವದಿಲ್ಲ. ಎರಡು ಸಾಲಿನ ನಡುವೆ ಸೀಳದ ಪಟ್ಟಿ ಉಳಿಯುವದು, ಅದಕ್ಕೆಂದೇ ಅಡ್ಡ ಉಳಬೇಕು. ಕಬ್ಬಿಣದ ನೇಗಿಲು ಹೆಂಟೆಯನ್ನು ಬುಡದಿಂದ ಕತ್ತರಿಸಿ ತಲೆಕೆಳಗು ಮಾಡುವದು. ಕರಿಕೆಯ ಬೇರು ಬಿಸಿಲಿಗೆ ಬಿದ್ದು ಒಣಗುವದು. ಎರೆಹೊಲದಲ್ಲಿ ಕರಿಕೆಯೊಡನೆ ಹೆಣಗಿದವರಿಗೆ ಇದರ ಬೆಲೆ ಗೊತ್ತು. ಆದರೆ ಅದೇ ನೇಗಿಲು ಬಿಗಿಯಾದ ಎರೆಯಲ್ಲಿ ಆಳಕ್ಕೆ ಇಳಿದರೆ ಒಂದು ಜೋಡಿ ಎತ್ತಿಗೆ ಜಗ್ಗುವದಿಲ್ಲ, ಎರಡು ಜೋಡಿ ಬೇಕು, ಕೆಲವೆಡೆ ಮೂರು. ಒಂದೇ ಜೋಡಿಯಿದ್ದವನು ಮುಯ್ಯಾಳಿನಂತೆ ನೆರೆಯವನ ಎತ್ತು ಕೇಳಬೇಕು. ಮಳೆ ಬಿದ್ದ ವಾರದಲ್ಲಿ ಎತ್ತು ಕೊಡುವವರಾರು? ಇಷ್ಟನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಒಲ್ಲೆನೆಂದವನು, ಕೇಳಿದವರಿಗೆ ವಿಷದ ಮಾತು ಹೇಳಿ ಮುಗಿಸಿರಬಹುದು.

ನೇಗಿಲು ನಿಧಾನವಾಗಿ ನಡೆಯತೊಡಗುವಷ್ಟರಲ್ಲಿ ಬೆಳಗಾವಿಯ ಜಾಗಕ್ಕೆ ಪುರಸಭೆಯಿಂದ ಅಡ್ಡಿ ಬಂದಿತು. ಆಗ ನೆರವಾದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. (ಅದೇ ಸಂಸ್ಥಾನದ ತುಣುಕೊಂದು ವಿಜಾಪುರ ಜಿಲ್ಲೆಯ ಗುಣದಾಳದಲ್ಲಿಯೂ ಇದ್ದಿತು.) ಕುಂಡಲ ರೋಡ ನಿಲ್ದಾಣದ ಹತ್ತಿರ 32 ಎಕರೆ ಪಡ ಭೂಮಿ ಕೊಟ್ಟರು, ಹಣದ ಸಹಾಯವನ್ನೂ ಮಾಡಿದರು. ಪಾಪಾಸುಕಳ್ಳಿ ಮತ್ತು ನಾಗರಹಾವು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲವೆಂದು ಹೇಳುತ್ತಾರೆ. 1910ರಲ್ಲಿ ಸುಮಾರು 25 ಕೆಲಸಗಾರರು ತಮ್ಮ ಕುಟುಂಬಗಳೊಡನೆ ಹೋಗಿ ಕಳ್ಳಿ ಕಡಿದು ಊರು ಕಟ್ಟಿದರು. ಇಂದಿನ ಕಿರ್ಲೋಸ್ಕರವಾಡಿ ಅದೇ.

1914ರ ಮಹಾಯುದ್ಧ ಶುರುವಾದ ಮೇಲೆ ಪರದೇಶದ ನೇಗಿಲು ಬರುವದು ಕಡಿಮೆಯಾಯಿತು. ಇವರ ಮಾಲಿಗೆ ಗಿರಾಕಿಗಳಾದರು, ಆದರೆ ಎರಕ ಹೊಯ್ಯಲು ಕಬ್ಬಿಣವೇ ಇಲ್ಲ. ಕೊಲ್ಹಾಪುರದ ಶಾಹು ಮಹಾರಾಜರು ಕೋಟೆಯಲ್ಲಿ ಬಿದ್ದಿದ್ದ ಹಳೆಯ ತೋಪುಗಳನ್ನು ಕೊಟ್ಟರು. ಅವನ್ನು ಕರಗಿಸಿ ನೇಗಿಲು ಮಾಡಿದರು. ಹುಡುಗರಿಗೆ ಈ ಸಂಗತಿ ಹೇಳಿದಾಗ ವರ್ಗವೆಲ್ಲ ಒಮ್ಮೆ ಸುಮ್ಮನಾಯಿತು. ಲೆಕ್ಕದ ತಾಸಿನಲ್ಲಿ ಅಂಥ ಮೌನ ನಮಗೆ ಸಿಕ್ಕಿದ್ದಿಲ್ಲ.

ಮುಂದಿನದು ಬೇಗ ಹೇಳಬಹುದು. 1920ರಲ್ಲಿ ಕಂಪನಿಯಾಯಿತು. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ಪಂಪು ಬಂದವು. ಮಗ ಶಂತನುರಾಯರು ಅಮೇರಿಕೆಯಲ್ಲಿ ಕಲಿತು ಬಂದರು. 1941ರಲ್ಲಿ ಹರಿಹರದ ಯಂತ್ರದ ಕಾರಖಾನೆ (ಅದು ಈಗ ನಡೆಯುತ್ತಿಲ್ಲ), 1946ರಲ್ಲಿ ಪುಣೆಯಲ್ಲಿ ಎಣ್ಣೆ ಇಂಜಿನಿನದು, ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರಿನದು. 1948ರಲ್ಲಿ, ಗಾಂಧೀಜಿಯವರ ಕೊಲೆಯಾದ ನಂತರದ ದೊಂಬಿಯಲ್ಲಿ, ಕಿರ್ಲೋಸ್ಕರವಾಡಿಯ ಕಾರಖಾನೆಗೆ ಬೆಂಕಿ ಬಿದ್ದಿತು. ಮತ್ತೆ ಕಟ್ಟಿದರು. ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು.

ಅದೇ ಕಾಲದ ಇನ್ನೊಬ್ಬ ಧಣಿಯನ್ನು ಪಕ್ಕಕ್ಕಿಟ್ಟು ನೋಡಬೇಕು. ವಾಲಚಂದ ಹಿರಾಚಂದರು 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ಹಡಗು, ಮೋಟಾರು, 1940ರಲ್ಲಿ ಬೆಂಗಳೂರಿನ ವಿಮಾನ ಕಾರಖಾನೆ, ಎಲ್ಲಕ್ಕೂ ಕೈ ಹಾಕಿದ ಧೈರ್ಯಗಾರರು. ಸಕ್ಕರೆಯಲ್ಲಿ ಅವರ ದಾರಿ ಬೇರೆ. ದಖ್ಖಣದ ಸಕ್ಕರೆ ಕಂಪನಿಗಳು ಕಾಲುವೆಯ ಕೆಳಗಿನ ಹೊಲಗಳನ್ನು ಒಕ್ಕಲಿಗರಿಂದ ಲಾವಣಿಗೆ ಹಿಡಿದು ತಾವೇ ಕಬ್ಬು ಬೆಳೆದವು. ಹೊಲದ ಧಣಿ ಎಷ್ಟೋ ಕಡೆ ತನ್ನದೇ ಹೊಲದಲ್ಲಿ ಕೂಲಿಯಾದ. ಆ ವಿಶಾಲ ತೋಟಗಳನ್ನು ಮಹಾರಾಷ್ಟ್ರ ಸರಕಾರವು 1961ರ ಭೂಮಿತಿ ಕಾಯದೆಯಿಂದ ತೆಗೆದುಕೊಂಡಿತು. ಕಿರ್ಲೋಸ್ಕರರಿಗೆ ಹೊಲ ಬೇಕಾಗಿರಲಿಲ್ಲ, ಹೊಲದವನ ಕಿಸೆಯ ರೂಪಾಯಿ ಬೇಕಾಗಿತ್ತು. ಆ ರೂಪಾಯಿಯನ್ನು ಒಕ್ಕಲಿಗನು ತಾನು ನೋಡಿ, ಮುಟ್ಟಿ, ನೆರೆಯವನ ಹೊಲದಲ್ಲಿ ಎರಡು ಸುಗ್ಗಿ ಕಾದು ಆಮೇಲೆ ಕೊಟ್ಟನು. ಇಬ್ಬರು ಧಣಿಗಳಲ್ಲಿ ನಮ್ಮ ಒಲವು ಯಾರ ಕಡೆಗೆಂದು ಬೇರೆ ಹೇಳಬೇಕಾಗಿಲ್ಲ.

ಹಾಗೆಂದು ನೇಗಿಲಿನವರ ಲೆಕ್ಕ ಪೂರ್ಣ ಚೊಕ್ಕವೆಂದು ನಾವು ತಿಳಿದಿದ್ದೆವು. ಮುರಿದ ಕುಳವನ್ನು ತೋರಿಸಲು ಊರ ಕಂಬಾರಜ್ಜನ ಬಳಿಗೆ ಹೋದಾಗ ಆ ಎಣಿಕೆ ತಪ್ಪಿತು. ಅಜ್ಜನಿಗೆ ಎಂಬತ್ತು ದಾಟಿದೆ, ತಿದಿ ನಿಂತು ಎಷ್ಟೋ ವರ್ಷವಾಗಿದೆ. ಕೈಯಲ್ಲಿ ಹಿಡಿದು ಬೆರಳಿನಿಂದ ಬಾರಿಸಿ ನೋಡಿದ.

“ಇದು ಬೀಡು ರೀ ಮಾಸ್ತರ್ರ. ಕಾಸಿ ಬಡದ್ರ ಬಾಗೂದುಲ್ಲ, ಒಡೀತೈತಿ. ನಿಮ್ಮ ಅಜ್ಜಾರು ಇದನ್ನ ತಂದ ವರ್ಷ ನಮ್ಮಪ್ಪ ನಿಮ್ಮ ಕಣಕ್ಕ ಆಯಕ್ಕ ಬರಾಕ ನಾಚಿದ್ದ.”

“ಯಾಕಜ್ಜಾ?”

“ಕುಳಾ ಬಡದವಗ ಆಯ. ಬಡ್ಯಾಕ ಬರದಿದ್ದ ಮ್ಯಾಲ ಯಾವ ಮಾರಿ ತಗೊಂಡು ಬರಬೇಕ್ರೀ? ಆದ್ರ ನಿಮ್ಮ ಅಜ್ಜಾರು ಜ್ವಾಳಾ ಮನೀಗೆ ಕಳಿಸಿದ್ರು. ಎರಡು ವರ್ಷ ಕಳಿಸಿದ್ರು.”

“ಮೂರನೇ ವರ್ಷ?”

ಅಜ್ಜ ಕುಳವನ್ನು ನಮ್ಮ ಕೈಗೆ ಹಿಂದಿರುಗಿಸಿದ, ಉತ್ತರ ಹೇಳಲಿಲ್ಲ. ಅವನ ಇಬ್ಬರು ಕಾಕಂದಿರು ಸೊಲ್ಲಾಪುರದ ಗಿರಣಿಗೆ ಹೋದವರೆಂಬುದು ಊರಿಗೆಲ್ಲ ಗೊತ್ತು.

ಎರಕದ ಕಬ್ಬಿಣದ ಈ ಗುಣವೇ ದೊಡ್ಡ ಸಂಗತಿ. ಮರದ ನೇಗಿಲಿನ ಕುಳ ಸವೆದರೆ ಕಂಬಾರ ಮುಂಜಾನೆ ಕಾಸಿ ಬಡಿದು ಕೊಡುವನು, ಈಚು ಮುರಿದರೆ ಬಡಿಗ ಜಾಲಿಯ ತುಂಡು ಕೆತ್ತುವನು. ಇಬ್ಬರಿಗೂ ಸುಗ್ಗಿಯಲ್ಲಿ ಜೋಳ, ರೊಕ್ಕದ ಮಾತಿಲ್ಲ. ಬೀಡಿನ ಕುಳ ಸವೆದರೆ ಪೇಟೆಗೆ ಹೋಗಿ ರೊಕ್ಕ ಎಣಿಸಿ ಹೊಸದನ್ನು ತರಬೇಕು. ಹೀಗೆ ನೇಗಿಲಿನೊಡನೆಯೇ ರೊಕ್ಕವೂ ಹೊಲಕ್ಕೆ ಇಳಿಯಿತು. ರೊಕ್ಕಕ್ಕಾಗಿ ಶೇಂಗಾ, ಶೇಂಗಾಕ್ಕಾಗಿ ಸಾಲ. ಅದು ತಪ್ಪೆಂದು ನಾವು ಹೇಳುತ್ತಿಲ್ಲ. ಕರಿಕೆ ಹೋದ ನಮ್ಮ ಕೆಳಗಿನ ಹೊಲದಲ್ಲಿ ಇಂದಿಗೂ ಬಿಳಿಜೋಳ ಚೆನ್ನಾಗಿ ಬರುವದು, ಅದನ್ನೇ ಉಂಡು ನಾವು ಸಾಲೆ ಕಲಿತೆವು. ಆದರೆ ಕಾರಖಾನೆಯ ಚರಿತ್ರೆ ಬರೆಯುವವರು ಕಂಬಾರನ ಮೂರನೆಯ ವರ್ಷವನ್ನು ಬರೆಯುವದಿಲ್ಲ.

ಈಗ ನಮ್ಮ ಹೊಲಕ್ಕೆ ಟ್ರ್ಯಾಕ್ಟರು ಬಾಡಿಗೆಗೆ ಬರುವದು. ಎಷ್ಟು ಆಳ ಉಳಬೇಕೆಂದು ಅದರ ಚಾಲಕನೇ ನಿರ್ಧರಿಸುವನು. ನಾವು ಬದುವಿನ ಮೇಲೆ ನಿಂತು ಗಡಿಯಾರ ನೋಡುವೆವು.

ಓದುಗರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಕಬ್ಬಿಣದ ನೇಗಿಲಿದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ತುಕ್ಕು ತಿಕ್ಕಿ ನೋಡಿರಿ, ಮೈಮೇಲೆ ಎರಕದ ಅಕ್ಷರಗಳಿರಬಹುದು. ಯಾವ ವರ್ಷ ತಂದದ್ದು, ಎಷ್ಟು ಕೊಟ್ಟದ್ದು, ಎಷ್ಟು ಎತ್ತು ಹೂಡುತ್ತಿದ್ದರು, ಊರ ಕಂಬಾರನ ಮನೆಯವರು ಈಗ ಎಲ್ಲಿದ್ದಾರೆ ಎಂಬುದನ್ನು ಹಿರಿಯರಿಂದ ಕೇಳಿ ಈ ಪುಟಕ್ಕೆ ಬರೆದು ಕಳಿಸಿರಿ. ನಮ್ಮ ನೇಗಿಲನ್ನು ಸಾಲೆಯ ಪಡಸಾಲೆಯಲ್ಲಿ ಇಟ್ಟಿದ್ದೇವೆ. ಮುರಿದ ಕುಳ ಮಾತ್ರ ಇನ್ನೂ ಹಾಗೆಯೇ ಇದೆ.