ನಿಮಗಿದು ಗೊತ್ತೆ? ಜನರೇ ಆರಿಸುವ ಪೊಲೀಸ್ ಕಮಿಷನರ್
ಕಮಿಷನರ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಖಾಕಿ ತೊಟ್ಟ ಐಪಿಎಸ್ ಅಧಿಕಾರಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ‘ಪೊಲೀಸ್ ಆ್ಯಂಡ್ ಕ್ರೈಮ್ ಕಮಿಷನರ್’ಗೆ ಸಮವಸ್ತ್ರವೇ ಇಲ್ಲ. ಅವರು ಜನ ಓಟು ಹಾಕಿ ಆರಿಸಿದವರು.

2011ರ ಕಾಯ್ದೆಯಿಂದ ಹುಟ್ಟಿದ ಈ ಹುದ್ದೆಯ ಅವಧಿ ನಾಲ್ಕು ವರ್ಷ. ತಮ್ಮ ಪ್ರದೇಶದ ಪೊಲೀಸ್ ಮುಖ್ಯಸ್ಥರಾದ ಚೀಫ್ ಕಾನ್‌ಸ್ಟೆಬಲ್ ಅವರನ್ನು ನೇಮಿಸುವುದು, ಅಗತ್ಯ ಬಿದ್ದರೆ ತೆಗೆಯುವುದು, ಬಜೆಟ್ ನಿಗದಿಪಡಿಸುವುದು, ಮನೆಗಳಿಂದ ವಸೂಲಾಗುವ ಕೌನ್ಸಿಲ್ ತೆರಿಗೆಯಲ್ಲಿ ಪೊಲೀಸರ ಪಾಲೆಷ್ಟು ಎಂದು ತೀರ್ಮಾನಿಸುವುದು ಇವರ ಕೆಲಸ. ಯಾರನ್ನು ಬಂಧಿಸಬೇಕು ಎಂದು ಮಾತ್ರ ಅಪ್ಪಣೆ ಕೊಡುವಂತಿಲ್ಲ. ಈ ಗೆರೆಯೇ ಇಡೀ ವ್ಯವಸ್ಥೆಯ ಜೀವ.

ಅಭ್ಯರ್ಥಿಯ ಅರ್ಹತೆಯಂತೂ ಬಲು ಬಿಗಿ. ಜೈಲು ಶಿಕ್ಷೆ ವಿಧಿಸಬಹುದಾದ ಅಪರಾಧದಲ್ಲಿ ಎಂದಾದರೂ ದೋಷಿಯಾಗಿದ್ದರೆ, ಬರೀ ದಂಡ ಕಟ್ಟಿ ಮುಗಿದಿದ್ದರೂ ಸ್ಪರ್ಧಿಸುವಂತಿಲ್ಲ. 2021ರಲ್ಲಿ ವಿಲ್ಟ್‌ಶೈರ್‌ನಲ್ಲಿ ಅತಿ ಹೆಚ್ಚು ಮತ ಪಡೆದವರೇ ಕುರ್ಚಿ ಏರಲಿಲ್ಲ. ದಶಕಗಳ ಹಿಂದೆ ಕುಡಿದು ವಾಹನ ಓಡಿಸಿದ ಪ್ರಕರಣ ಅಡ್ಡ ಬಂತು. ಆಗಸ್ಟ್‌ನಲ್ಲಿ ಮತ್ತೆ ಚುನಾವಣೆ ನಡೆಯಿತು.

ಬೇಸರದ ಸಂಗತಿ ಮತದಾರರದ್ದು. 2012ರ ನವೆಂಬರ್ 15ರ ಮೊದಲ ಚುನಾವಣೆಯಲ್ಲಿ ಓಟು ಹಾಕಿದವರು ಸುಮಾರು ಶೇ 15 ಮಂದಿ. ವೇಲ್ಸ್‌ನ ನ್ಯೂಪೋರ್ಟ್ ನಗರದ ಒಂದು ಮತಗಟ್ಟೆಗೆ ದಿನವಿಡೀ ಒಬ್ಬರೂ ಬರಲಿಲ್ಲ. ಪೆಟ್ಟಿಗೆ ಖಾಲಿಯಾಗಿಯೇ ಮರಳಿತು. 2014ರ ವೆಸ್ಟ್ ಮಿಡ್‌ಲ್ಯಾಂಡ್ಸ್ ಉಪಚುನಾವಣೆಯಲ್ಲಿ ಮತದಾನ ಶೇ 10ರ ಆಸುಪಾಸಿಗೆ ಇಳಿಯಿತು.

ಲಂಡನ್, ಗ್ರೇಟರ್ ಮ್ಯಾಂಚೆಸ್ಟರ್‌ಗಳಲ್ಲಿ ಈ ಹೊಣೆ ಮೇಯರ್‌ಗಳದ್ದು. ಹುದ್ದೆಯನ್ನೇ 2028ರ ಮೇ ತಿಂಗಳಲ್ಲಿ ರದ್ದುಪಡಿಸುವುದಾಗಿ ಬ್ರಿಟನ್ ಸರ್ಕಾರ 2025ರ ನವೆಂಬರ್‌ನಲ್ಲಿ ಪ್ರಕಟಿಸಿದೆ.