ಒಂದೇ ಗುಳ್ಳೆ, ಎರಡು ಲೆಕ್ಕ

ಬೆಂಗಳೂರಿನ ಪೀಣ್ಯ ಎರಡನೇ ಹಂತದ ಹಾರ್ಡ್ ಕ್ರೋಮ್ ಪ್ಲೇಟಿಂಗ್ ಘಟಕವೊಂದರ ಸೂಪರ್‌ವೈಸರ್ ಬರೆದ ಪತ್ರವೊಂದು ಹೋದ ತಿಂಗಳಿಂದ ನನ್ನ ಮೇಜಿನ ಮೇಲಿದೆ. ಹೈಡ್ರಾಲಿಕ್ ಸಿಲಿಂಡರಿನ ರಾಡುಗಳಿಗೆ ಕ್ರೋಮ್ ಹಾಕುವುದು ಅವರ ಕೆಲಸ. ರಾಡು ಕೊಳ್ಳುವ ದೊಡ್ಡ ಕಂಪನಿ ಈ ವರ್ಷ ಎಕ್ಸೆಲ್ ಹಾಳೆಯೊಂದನ್ನು ಕಳಿಸಿ, ‘ಒಂದು ರಾಡಿಗೆ ಎಷ್ಟು ಕಾರ್ಬನ್, ತುಂಬಿಸಿ ಕಳಿಸಿ’ ಎಂದಿದೆ. ತುಂಬಿಸಿಕೊಡಲು ಬಂದ ಸಲಹೆಗಾರರು ಶೆಡ್ಡನ್ನೆಲ್ಲ ಸುತ್ತಿ ನೋಡಿ, ಟ್ಯಾಂಕಿನ ಪಕ್ಕದ ಎಕ್ಸಾಸ್ಟ್ ಬ್ಲೋವರನ್ನು ತೋರಿಸಿ, ‘ಇದನ್ನು ಅರ್ಧ ಹೊತ್ತು ನಿಲ್ಲಿಸಿದರೂ ಕಾರ್ಬನ್ ಚೆನ್ನಾಗಿ ಇಳಿಯುತ್ತದೆ’ ಎಂದರಂತೆ. ಪತ್ರದ ಕೊನೆಯಲ್ಲಿ ಹೀಗಿದೆ: ‘ಸಾರ್, ಬ್ಲೋವರ್ ಕೆಟ್ಟ ದಿನ ನಮ್ಮ ಹುಡುಗರಿಗೆ ಮೂಗು ಉರಿಯುತ್ತದೆ. ಲೆಕ್ಕದ ಪ್ರಕಾರ ನಿಲ್ಲಿಸುವುದೇ ಸರಿ ಅನ್ನುತ್ತಾರೆ. ನಿಜವಾಗಿಯೂ ಸರಿಯೇ?’

ಖಂಡಿತ ಅಲ್ಲ. ಏಕೆ ಅಲ್ಲ ಎಂದು ಹೇಳುವ ಮುಂಚೆ ಆ ಹಾಳೆ ಪೀಣ್ಯದವರೆಗೆ ಏಕೆ ಬಂತು ಎಂಬುದನ್ನು ನೋಡಬೇಕು.

ಕಂಪನಿಗಳು ತಮ್ಮ ಕಾರ್ಬನ್ನನ್ನು ಎಣಿಸುವ ರೀತಿಗೆ ‘ಗ್ರೀನ್‌ಹೌಸ್ ಗ್ಯಾಸ್ ಪ್ರೋಟೊಕಾಲ್’ ಎಂದು ಹೆಸರು. ಅಮೆರಿಕದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಮತ್ತು ಜಿನೀವಾದಲ್ಲಿರುವ ಉದ್ಯಮಿಗಳ ಮಂಡಳಿಯೊಂದು ಸೇರಿ 2001ರಲ್ಲಿ ಇದರ ಮೊದಲ ಆವೃತ್ತಿ ತಂದವು. ಇದರಲ್ಲಿ ಲೆಕ್ಕವನ್ನು ಮೂರು ‘ಸ್ಕೋಪ್’ಗಳಾಗಿ ಹಂಚಿದ್ದಾರೆ. ಮದುವೆ ಮನೆಯ ಖರ್ಚನ್ನು ನೆನೆಸಿಕೊಂಡರೆ ಇದು ಸುಲಭ. ಮನೆಯ ಒಲೆಯಲ್ಲಿ ನಾವೇ ಉರಿಸಿದ ಗ್ಯಾಸು, ನಮ್ಮದೇ ಜನರೇಟರಿಗೆ ಸುರಿದ ಡೀಸೆಲ್, ಇವು ಸ್ಕೋಪ್ 1. ಛತ್ರದ ಕರೆಂಟು ಬಿಲ್ಲು ಸ್ಕೋಪ್ 2. ಅದಕ್ಕೆ ಕಲ್ಲಿದ್ದಲು ಸುಟ್ಟಿದ್ದು ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಇರಬಹುದು, ಆದರೆ ದೀಪ ಹಾಕಿಸಿದ್ದು ನಾವು. ಇನ್ನು ದಿಬ್ಬಣದ ಬಸ್ಸು, ಅಡುಗೆ ಕಂಟ್ರಾಕ್ಟು, ಸೀರೆ ನೇಯ್ದ ಮಗ್ಗ, ಲಗ್ನಪತ್ರಿಕೆ ಅಚ್ಚಾದ ಪ್ರೆಸ್ಸು, ನೆಂಟರು ಊರಿಂದ ಬಂದು ಹೋದದ್ದು, ಎಲ್ಲವೂ ಸ್ಕೋಪ್ 3. ಇದರಲ್ಲಿ ಒಟ್ಟು 15 ಬಾಬತ್ತುಗಳಿವೆ. ನೌಕರರು ಮನೆಯಿಂದ ಕೆಲಸಕ್ಕೆ ಓಡಾಡುವುದೇ ಒಂದು ಬಾಬತ್ತು. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಬೊಮ್ಮಸಂದ್ರದವರೆಗೆ ಓಡತೊಡಗಿದಾಗ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳ ಲೆಕ್ಕದಲ್ಲಿ ಇಳಿಯಬೇಕಾದದ್ದು ಈ ಬಾಬತ್ತೇ.

ಈ ಪದ್ಧತಿಯಲ್ಲಿ ನನಗೆ ಬಹಳ ಇಷ್ಟವಾದ ಸಂಗತಿಯೊಂದಿದೆ. ಅಡುಗೆಯವರು ತಮ್ಮ ಲೆಕ್ಕ ಬರೆದುಕೊಂಡರೆ, ನಮ್ಮ ಸ್ಕೋಪ್ 3ರಲ್ಲಿ ಕಾಣುವ ಗ್ಯಾಸು ಅವರ ಪುಸ್ತಕದಲ್ಲಿ ಸ್ಕೋಪ್ 1 ಆಗಿ ಕೂರುತ್ತದೆ. ಒಬ್ಬರ ಮೂರನೆಯದು ಇನ್ನೊಬ್ಬರ ಮೊದಲನೆಯದು. ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ 2021ರಲ್ಲಿ ಹೊರಡಿಸಿ, 2022-23ರಿಂದ ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಕಡ್ಡಾಯ ಮಾಡಿದ ವರದಿಯ ನಮೂನೆಯಲ್ಲಿ ಈ ಲೆಕ್ಕಕ್ಕೆ ಜಾಗವಿದೆ. ಪೀಣ್ಯದ ಶೆಡ್ಡು ಆ ಸಾವಿರದಲ್ಲಿ ಇಲ್ಲ. ಆದರೆ ಆ ಸಾವಿರದಲ್ಲೊಬ್ಬರ ಸ್ಕೋಪ್ 3 ಈ ಶೆಡ್ಡಿನೊಳಗಿದೆ. ಹಾಳೆ ಬಂದದ್ದು ಹಾಗೆ.

ತುಂಬಿಸುವುದು ಕಷ್ಟವೇನಲ್ಲ. ಚಿಮಣಿಯ ಬಾಯಿಗೆ ಮೀಟರ್ ಕಟ್ಟಿ ಯಾರೂ ಅಳೆಯುವುದಿಲ್ಲ. ಬಿಲ್ಲು ತೆಗೆದುಕೊಂಡು ಗುಣಿಸುತ್ತಾರೆ, ಅಷ್ಟೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಅಂಕಿಯಂತೆ ನಮ್ಮ ದೇಶದ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕಿಲೋದಷ್ಟು ಕಾರ್ಬನ್ ಡೈಆಕ್ಸೈಡ್. ಒಂದು ಲೀಟರ್ ಡೀಸೆಲ್‌ಗೆ ಸುಮಾರು 2.7 ಕಿಲೋ. ಒಂದು ಕಿಲೋ ಕೂಡ ತೂಗದ ಡೀಸೆಲ್ ಅಷ್ಟು ಭಾರದ ಅನಿಲ ಆಗುವುದು ಹೇಗೆ ಎಂದು ಕೇಳುವವರುಂಟು. ಉರಿಯುವಾಗ ಅದು ಗಾಳಿಯ ಆಮ್ಲಜನಕವನ್ನು ಕಟ್ಟಿಕೊಳ್ಳುತ್ತದೆ. ಆ ತೂಕವೂ ಸೇರುತ್ತದೆ.

ಈಗ ಬ್ಲೋವರ್‌ಗೆ ಬರೋಣ. ನಾಲ್ಕು ಎಚ್‌ಪಿ ಮೋಟಾರು, ಅಂದರೆ 3 ಕಿಲೋವಾಟ್. ದಿನಕ್ಕೆ ಎರಡು ಶಿಫ್ಟು, ವರ್ಷಕ್ಕೆ 300 ದಿನ ಓಡಿದರೆ 14,400 ಯೂನಿಟ್, ಸುಮಾರು 10 ಟನ್ ಕಾರ್ಬನ್ ಡೈಆಕ್ಸೈಡ್. ಸಲಹೆಗಾರರ ಗುಣಾಕಾರದಲ್ಲಿ ತಪ್ಪಿಲ್ಲ. ಅವರು ಟ್ಯಾಂಕಿನೊಳಗೆ ಬಗ್ಗಿ ನೋಡಲಿಲ್ಲ ಎಂಬುದೇ ನನ್ನ ದೂರು.

ಕ್ರೋಮ್ ಟ್ಯಾಂಕು ನೋಡುವುದಕ್ಕೆ ಕುದಿಯುವ ರಸಂ ಹಾಗಿರುತ್ತದೆ. ಕೆಂಪು ಕಂದು ಬಣ್ಣ, ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ. ಆದರೆ ಅದು ಕುದಿಯುತ್ತಿಲ್ಲ, ಬಿಸಿ 55 ಡಿಗ್ರಿ ಆಸುಪಾಸಿನಲ್ಲಷ್ಟೇ ಇರುತ್ತದೆ. ಹಾಗಾದರೆ ಗುಳ್ಳೆ ಎಲ್ಲಿಂದ? ಮೈಕೆಲ್ ಫ್ಯಾರಡೆ 1830ರ ದಶಕದಲ್ಲಿ ಕಂಡುಕೊಂಡ ನಿಯಮದ ಪ್ರಕಾರ, ಹರಿದ ಕರೆಂಟಿಗೆ ತಕ್ಕಷ್ಟು ಲೋಹ ರಾಡಿನ ಮೇಲೆ ಕೂರಬೇಕು. ಕ್ರೋಮಿಕ್ ಆಮ್ಲದ ಟ್ಯಾಂಕಿನಲ್ಲಿ 1000 ಆಂಪಿಯರನ್ನು ಒಂದು ಗಂಟೆ ಹರಿಸಿದರೆ 323 ಗ್ರಾಂ ಕ್ರೋಮಿಯಂ ಸಿಗಬೇಕು. ಸಿಗುವುದು ಸುಮಾರು 50 ಗ್ರಾಂ. ನೂರಕ್ಕೆ ಹದಿನೈದು! ತಾಮ್ರ, ನಿಕಲ್ಲಿನ ಟ್ಯಾಂಕುಗಳಲ್ಲಿ ಇದು ತೊಂಬತ್ತರ ಮೇಲಿರುತ್ತದೆ. ಉಳಿದ ಎಂಬತ್ತೈದು ಪಾಲು ಕರೆಂಟಿನ ಹೆಚ್ಚಿನಂಶ ನೀರನ್ನು ಒಡೆಯುವುದಕ್ಕೆ ಹೋಗುತ್ತದೆ. ರಾಡಿನ ಕಡೆ ಜಲಜನಕ, ಎದುರಿನ ಸೀಸದ ಪಟ್ಟಿಯ ಕಡೆ ಆಮ್ಲಜನಕ. ಆ ಗುಳ್ಳೆಗಳು ಇವೇ.

ಗುಳ್ಳೆ ಮೇಲೆ ಬಂದು ಒಡೆಯುತ್ತದೆ. ಒಡೆಯುವಾಗ ಅದರ ತೆಳು ಪೊರೆ ಚೂರಾಗಿ ಕ್ರೋಮಿಕ್ ಆಮ್ಲದ ಅತಿಸಣ್ಣ ಹನಿಗಳನ್ನು ಮೇಲಕ್ಕೆ ಎಸೆಯುತ್ತದೆ. ಸೋಡಾ ಲೋಟದ ಮೇಲೆ ಮುಖ ಇಟ್ಟರೆ ಮೂಗಿಗೆ ತಣ್ಣಗೆ ಸಿಡಿಯುತ್ತದಲ್ಲ, ಹಾಗೆ. ಇಲ್ಲಿ ಸಿಡಿಯುವುದು ಆರು ವೇಲೆನ್ಸಿಯ ಕ್ರೋಮಿಯಂ. ಬಿಲ್ಲಿನಲ್ಲಿ ವ್ಯರ್ಥವಾದ ಕರೆಂಟು ಮತ್ತು ಹುಡುಗರ ಮೂಗಿನಲ್ಲಿ ಉರಿಯುವ ಮಂಜು, ಎರಡೂ ಹುಟ್ಟುವುದು ಒಂದೇ ಗುಳ್ಳೆಯಲ್ಲಿ. ಕಾರ್ಬನ್ ಲೆಕ್ಕದವರು ಅದರ ಒಂದು ಮುಖ ನೋಡುತ್ತಾರೆ, ಸುರಕ್ಷತೆಯವರು ಇನ್ನೊಂದು. ತತ್ವಗಳ ಪ್ರಕಾರ ಹಂಚಿರುವ ಸೆಬಿಯ ವರದಿಯಲ್ಲೂ ಹಾಗೆಯೇ. ಕಾರ್ಮಿಕರ ಆರೋಗ್ಯ ಮೂರನೇ ತತ್ವದ ಕೆಳಗೆ, ಕಾರ್ಬನ್ ಆರನೆಯದರ ಕೆಳಗೆ. ಮೂರನೆಯದರಲ್ಲಿ, ಕೆಲಸಕ್ಕೆ ರಜೆ ಹಾಕಿಸುವಷ್ಟು ದೊಡ್ಡ ಗಾಯಗಳು ಹತ್ತು ಲಕ್ಷ ದುಡಿಮೆಯ ಗಂಟೆಗೆ ಎಷ್ಟು ಎಂದು ಕೇಳುವ ಅಂಕಿಯೊಂದಿದೆ. ಬೆರಳು ಜಜ್ಜಿದರೆ ಅದು ಏರುತ್ತದೆ. ಮೂಗು ಮೆಲ್ಲಗೆ ಸವೆದರೆ ಏರುವುದಿಲ್ಲ.

ಮೂಗು ಸವೆಯುವುದು ಹೊಸ ಸುದ್ದಿಯೇನಲ್ಲ. ಸ್ಕಾಟ್‌ಲೆಂಡಿನ ವೈದ್ಯ ವಿಲಿಯಂ ಕ್ಯೂಮಿನ್ 1827ರಲ್ಲಿಯೇ ಬಣ್ಣದ ಕೆಲಸಗಾರರ ಕೈಯ ಕ್ರೋಮ್ ಹುಣ್ಣುಗಳನ್ನು ವಿವರಿಸಿ ಬರೆದಿದ್ದ. ಕುತೂಹಲದ ವಿಷಯವೆಂದರೆ ಅದೇ ಲೇಖನದ ಮೊದಲ ಭಾಗ ‘ಮದಾರ್’ ಎಂಬ ಗಿಡದ ಔಷಧಿ ಗುಣದ ಬಗ್ಗೆ ಇದೆ. ಮದಾರ್ ಎಂದರೆ ನಮ್ಮ ಎಕ್ಕ! ಕ್ರೋಮ್ ಕೆಲಸಗಾರನೊಬ್ಬನ ಮೂಗಿನ ಕ್ಯಾನ್ಸರ್ ಗ್ಲಾಸ್ಗೊದಲ್ಲಿ 1890ರಲ್ಲಿ ವರದಿಯಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಕ್ರೋಮ್ ಪ್ಲೇಟಿಂಗನ್ನು ವ್ಯಾಪಾರಕ್ಕೆ ಒಗ್ಗಿಸಿದ್ದು 1920ರ ದಶಕದಲ್ಲಿ. ಅಂದರೆ ಟ್ಯಾಂಕು ಬರುವ ಮೊದಲೇ ರೋಗ ಗೊತ್ತಿತ್ತು. ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ಈ ಆಮ್ಲ ನೋವಿಲ್ಲದೆ ತೂತು ಕೊರೆಯುತ್ತದೆ, ಎಷ್ಟೋ ಜನಕ್ಕೆ ಅದು ಗೊತ್ತೇ ಆಗುವುದಿಲ್ಲ. ಶ್ವಾಸಕೋಶದ ಕ್ಯಾನ್ಸರ್‌ ಕಾಣಿಸಿಕೊಳ್ಳಲು ದಶಕಗಳು ಬೇಕು. ಅಮೆರಿಕ 2006ರಲ್ಲಿ ಕೆಲಸದ ಜಾಗದ ಮಿತಿಯನ್ನು ಒಂದು ಘನ ಮೀಟರ್ ಗಾಳಿಗೆ 52 ಮೈಕ್ರೊಗ್ರಾಂನಿಂದ 5ಕ್ಕೆ ಇಳಿಸಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲೂ ಕ್ರೋಮ್ ಹುಣ್ಣು ಇತ್ತು. ಅದನ್ನು ಕಂಡ ವೈದ್ಯರು ಇಲಾಖೆಗೆ ತಿಳಿಸಲೇಬೇಕೆಂದು ಆ ಕಾಯ್ದೆ ಹೇಳುತ್ತಿತ್ತು.

ಆದ್ದರಿಂದ ಈ ಮಂಜನ್ನು ಹೊರಗೆಳೆಯುವ ಬ್ಲೋವರಿನ 3 ಕಿಲೋವಾಟನ್ನು ಮುಟ್ಟುವ ಮೊದಲು ಟ್ಯಾಂಕಿಗೆ ಕರೆಂಟು ಕೊಡುವ ರೆಕ್ಟಿಫೈಯರನ್ನು ನೋಡಿ. 3000 ಆಂಪಿಯರ್, 8 ವೋಲ್ಟ್ ಎಂದರೆ 24 ಕಿಲೋವಾಟ್. ಕರೆಂಟಿನ ಪಾಲಿನಂತೆ ಹಂಚಿದರೆ ಅದರಲ್ಲಿ 20 ಕಿಲೋವಾಟ್ ಗುಳ್ಳೆಯ ಪಾಲು. ಸಾಮಾನ್ಯವಾಗಿ ಹಾಕುವ ಸಲ್ಫೇಟಿನ ಜೊತೆಗೆ ಸಲ್ಫಾನಿಕ್ ಆಮ್ಲದ ವೇಗವರ್ಧಕ ಹಾಕಿದ ಟ್ಯಾಂಕುಗಳಲ್ಲಿ ಹದಿನೈದರ ದಕ್ಷತೆ ಇಪ್ಪತ್ತೈದರ ಹತ್ತಿರಕ್ಕೆ ಬರುತ್ತದೆ. ಅಷ್ಟೇ ದಪ್ಪದ ಕ್ರೋಮ್ ಬೇಗ ಕೂರುತ್ತದೆ, ಕರೆಂಟು ಇಳಿಯುತ್ತದೆ, ಗುಳ್ಳೆಯೂ ಇಳಿಯುತ್ತದೆ. ದ್ರಾವಣದ ಮೇಲೆ ಪ್ಲಾಸ್ಟಿಕ್ ಚೆಂಡುಗಳನ್ನು ತೇಲಿಬಿಟ್ಟರೆ ಸಿಡಿಯುವ ಹನಿಗಳೂ ಕಮ್ಮಿ, ಹೀಟರಿನ ಬಿಸಿ ಗಾಳಿಗೆ ಹೋಗುವುದೂ ಕಮ್ಮಿ. ಮಂಜು ತಡೆಯುವ ನೊರೆ ರಾಸಾಯನಿಕಗಳೂ ಸಿಗುತ್ತವೆ. ಅವುಗಳಲ್ಲಿ ಪಿಎಫ್‌ಒಎಸ್ ಇರುವುದನ್ನು ಮಾತ್ರ ತರಬೇಡಿ. ಅದು ಮಣ್ಣಿನಲ್ಲಿ ಕೊಳೆತು ನಾಶವಾಗದ ವಸ್ತು, 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದೆ. ಇಂಥ ಟ್ಯಾಂಕುಗಳ ಕ್ರೋಮಿಯಂ ಪೀಣ್ಯದ ಅಂತರ್ಜಲಕ್ಕೆ ಇಳಿದದ್ದೇ ಸಾಕು.

ವ್ಯಕ್ತಿಯನ್ನು ಕಾಪಾಡುವ ಫ್ಯಾನು ಕರೆಂಟಿನ ಲೆಕ್ಕದಲ್ಲಿ ತಪ್ಪಿತಸ್ಥನಂತೆ ಕಾಣುವುದು ಪೀಣ್ಯದಲ್ಲಿ ಮಾತ್ರವಲ್ಲ. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಲ್ಲಿ ಎಸಿಗೆ ಹೊರಗಿನ ಗಾಳಿ ಬೆರೆಸುವ ಕಿಂಡಿಯೊಂದಿರುತ್ತದೆ. ಅದನ್ನು ಮುಚ್ಚಿದರೆ ತಂಪು ಮಾಡುವ ಖರ್ಚು ಉಳಿಯುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕ ಇದನ್ನೇ ಮಾಡಿತು. ಅಲ್ಲಿನ ಎಂಜಿನಿಯರುಗಳ ಸಂಘ 1981ರ ನಿಯಮದಲ್ಲಿ ಕಚೇರಿಯ ಒಬ್ಬೊಬ್ಬರಿಗೆ ನಿಮಿಷಕ್ಕೆ 5 ಘನ ಅಡಿ ಹೊಸ ಗಾಳಿ ಸಾಕೆಂದಿತು. ತಲೆನೋವು, ಕಣ್ಣುರಿ, ಗಂಟಲು ಕೆರೆತದ ದೂರುಗಳು ಎಷ್ಟು ಬಂದವೆಂದರೆ ‘ಸಿಕ್ ಬಿಲ್ಡಿಂಗ್’ ಎಂಬ ಹೆಸರೇ ಹುಟ್ಟಿತು. 1989ರಲ್ಲಿ ಅದನ್ನು 20 ಘನ ಅಡಿಗೆ ಏರಿಸಿದರು.

ಒಳಗಿನ ಗಾಳಿ ಹಳಸಿದೆಯೇ ಎಂದು ತಿಳಿಯಲು ಬಳಸುವುದೂ ಅದೇ ಕಾರ್ಬನ್ ಡೈಆಕ್ಸೈಡನ್ನೇ. ಮ್ಯೂನಿಕ್‌ನ ಮಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿ ಕೋಣೆಯ ಗಾಳಿಯಲ್ಲಿ ಅದು 1000 ಪಿಪಿಎಂ (ಹತ್ತು ಲಕ್ಷದಲ್ಲಿ ಸಾವಿರ ಪಾಲು) ಮೀರಬಾರದು ಎಂದ. ಅದು ವಿಷ ಎಂದಲ್ಲ, ಜನರ ಉಸಿರು ಎಷ್ಟು ತುಂಬಿಕೊಂಡಿದೆ ಎಂಬುದರ ಗುರುತು ಎಂದು. ಕಾಲರಾ ರೋಗಾಣು ಒಂದರಿಂದಲೇ ರೋಗ ಬರುವುದಿಲ್ಲ ಎಂದು ತೋರಿಸಲು 1892ರಲ್ಲಿ ರೋಗಾಣುಗಳ ಕಷಾಯವನ್ನೇ ಕುಡಿದವನು ಈತ. ಅಲ್ಲಿ ಸೋತ, ಗಾಳಿಯ ವಿಷಯದಲ್ಲಿ ಗೆದ್ದ. ಹನ್ನೆರಡು ಅಡಿಗೆ ಇಪ್ಪತ್ತು ಅಡಿಯ, ಒಂಬತ್ತಡಿ ಎತ್ತರದ ಮೀಟಿಂಗ್ ರೂಮಿನಲ್ಲಿ ಹತ್ತು ಜನ ಒಂದು ಗಂಟೆ ಕೂತು, ಹೊಸ ಗಾಳಿ ಒಂದಿಷ್ಟೂ ಬರದಿದ್ದರೆ ಅಂಕಿ ಸುಮಾರು 3000 ಏರುತ್ತದೆ. ಅಷ್ಟಕ್ಕೆ ಬುದ್ಧಿ ಮಂಕಾಗುತ್ತದೆ ಎಂದು 24 ಜನರ ಮೇಲೆ ನಡೆದ ಹಾರ್ವರ್ಡ್‌ ಅಧ್ಯಯನವನ್ನು ಮುಂದಿಟ್ಟುಕೊಂಡು ಮೀಟರ್ ಮಾರುವವರನ್ನು ನಾನು ಪೂರ್ತಿ ನಂಬುವುದಿಲ್ಲ. 2018ರಲ್ಲಿ ಪ್ರಕಟವಾದ, ಸಬ್‌ಮರೀನ್ ಸಿಬ್ಬಂದಿಯ ಮೇಲಿನ ಪ್ರಯೋಗದಲ್ಲಿ 15,000 ಪಿಪಿಎಂವರೆಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಒಬ್ಬರ ಕೆಮ್ಮು ಹತ್ತು ಜನಕ್ಕೆ ಹರಡುವುದು ಮುಚ್ಚಿದ ಗಾಳಿಯಲ್ಲೇ. ವರ್ಷದ ಬಹುಪಾಲು ಹೊರಗೆ ಇಷ್ಟು ಹಿತವಾಗಿರುವ ಬೆಂಗಳೂರಿನಲ್ಲಿ ಕಿಂಡಿ ಮುಚ್ಚಿ ಕಾರ್ಬನ್ ಉಳಿಸುವ ಅಗತ್ಯವೇ ಇಲ್ಲ. ಧೂಳಿಗೆ ಫಿಲ್ಟರ್ ಹಾಕಿ ತೆರೆದಿಟ್ಟರೆ ಎಸಿಯ ಕೆಲಸವೇ ಎಷ್ಟೋ ಹೊತ್ತು ಹಗುರವಾಗುತ್ತದೆ.

ಮತ್ತೆ ಪೀಣ್ಯಕ್ಕೆ. ಪತ್ರ ಬರೆದವರ ಹಾಳೆಯಲ್ಲಿ ಕಾರ್ಬನ್ ಇಳಿಸಲೇಬೇಕಿದ್ದರೆ ರೆಕ್ಟಿಫೈಯರಿನ ಜೊತೆಗೆ ಕೈಹಾಕಬೇಕಾದ ಇನ್ನೊಂದು ಜಾಗ, ಶೆಡ್ಡಿನ ಪೈಪುಗಳಿಗೆ ಒತ್ತಡದ ಗಾಳಿ ತುಂಬುವ ಕಂಪ್ರೆಸರ್. ಕಂಪ್ರೆಸರಿಗೆ ಕೊಟ್ಟ ಕರೆಂಟಿನಲ್ಲಿ ಹತ್ತನೇ ಒಂದು ಪಾಲಿನಷ್ಟೇ ಕೊನೆಗೆ ಕೆಲಸವಾಗಿ ಸಿಗುತ್ತದೆ, ಉಳಿದದ್ದೆಲ್ಲ ಬಿಸಿಯಾಗಿ, ಸೋರಿಕೆಯಾಗಿ ಹೋಗುತ್ತದೆ. 7 ಬಾರ್ ಒತ್ತಡದ ಪೈಪಿನಲ್ಲಿ 3 ಮಿಲಿಮೀಟರಿನ ಒಂದು ತೂತಿದ್ದರೆ ಅದನ್ನು ತುಂಬುವುದಕ್ಕೇ ಸುಮಾರು 3 ಕಿಲೋವಾಟ್ ಬೇಕು. ಬ್ಲೋವರ್ ತಿನ್ನುವಷ್ಟೇ! ಅಂಥ ಒಂದು ತೂತು ಮುಚ್ಚಿದರೆ ಬ್ಲೋವರು ವರ್ಷವಿಡೀ ಓಡುವಷ್ಟು ಕರೆಂಟು ಉಳಿಯಿತು. ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಂಡರೂ ಲಕ್ಷ ರೂಪಾಯಿ. ಜೊತೆಗೆ ಕಿವಿಯೂ ಉಳಿಯುತ್ತದೆ. ಸೋರುವ ಪೈಪಿನ ಸುಯ್ಲು, ಏರ್ ಗನ್ನಿನ ಕಿರುಚು, ದಿನವಿಡೀ ಕೇಳಿದರೆ ಒಳಕಿವಿಯ ಸೂಕ್ಷ್ಮ ರೋಮಗಳನ್ನು ಸಾಯಿಸುತ್ತವೆ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಶಿಫ್ಟು ಮುಗಿದ ಮೇಲೆ ಅದೇ ಗನ್ನಿನಿಂದ ಮೈಮೇಲಿನ ಧೂಳು ಊದಿಕೊಳ್ಳುವ ಅಭ್ಯಾಸವನ್ನಂತೂ ಇವತ್ತೇ ನಿಲ್ಲಿಸಿ. ಗಾಯದ ಮೂಲಕ ಆ ಗಾಳಿ ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ.

ಸೋರಿಕೆ ಅಳೆಯಲು ಯಂತ್ರ ಕೊಳ್ಳಬೇಕಿಲ್ಲ. ವಾರದ ರಜೆಯ ದಿನ, ಮಿಷನ್ನುಗಳೆಲ್ಲ ನಿಂತಿರುವಾಗ, ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿ. ಪೈಪು ತುಂಬಿದ ಮೇಲೆ ಅದು ಲೋಡ್ ಆಗಿ ಎಷ್ಟು ಹೊತ್ತು ಓಡುತ್ತದೆ, ಅನ್‌ಲೋಡ್ ಆಗಿ ಎಷ್ಟು ಹೊತ್ತು ಇರುತ್ತದೆ, ವಾಚು ಹಿಡಿದು ಬರೆದುಕೊಳ್ಳಿ. ಒಂದೂವರೆ ನಿಮಿಷ ಲೋಡ್, ಮೂರೂವರೆ ನಿಮಿಷ ಅನ್‌ಲೋಡ್ ಎಂದಾದರೆ ನಿಮ್ಮ ಕಂಪ್ರೆಸರಿನ ನೂರಕ್ಕೆ ಮೂವತ್ತು ಪಾಲು ಗಾಳಿ ಯಾರಿಗೂ ಸೇರದೆ ಸೋರುತ್ತಿದೆ ಎಂದರ್ಥ. ಸದ್ದಿಲ್ಲದ ಶೆಡ್ಡಿನಲ್ಲಿ ಕಿವಿಗೊಟ್ಟು ನಡೆದರೆ ಎಲ್ಲೆಲ್ಲಿ ಎಂಬುದು ಗೊತ್ತಾಗುತ್ತದೆ. ಅನುಮಾನ ಇರುವ ಕಡೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಸೋಮವಾರ ಫಿಟ್ಟರಿಗೆ ತೋರಿಸಿ. ತಿಂಗಳ ನಂತರ ಎಕ್ಸೆಲ್ ಹಾಳೆಯಲ್ಲಿ ಹೊಸ ಅಂಕಿ ಬರೆದು, ಪಕ್ಕದ ಷರಾ ಕಾಲಂನಲ್ಲಿ ಇಷ್ಟು ಸೇರಿಸಿ: ಪೈಪಿನ ಸೋರಿಕೆ ನಿಲ್ಲಿಸಲಾಗಿದೆ, ಎಕ್ಸಾಸ್ಟ್ ಬ್ಲೋವರ್ ಎರಡೂ ಶಿಫ್ಟು ಓಡುತ್ತಿದೆ.